ನೀರಿನ ಟ್ಯಾಂಕಿನ ಡ್ರೈನ್ ವಾಲ್ವ್ ಮುರಿದಿದೆಯೇ? ಕ್ಯಾಂಪರ್ ವ್ಯಾನಿಗೆ ಬೆಂಗಳೂರಲ್ಲಿ ಯಾವುದು ಸರಿ

ವ್ಯಾನಿನ ಅಡಿಯಿಂದ ನೀರು ತೊಟ್ಟಿಕ್ಕಿದರೆ ಎಲ್ಲರೂ ಮೊದಲು ಬೈಯುವುದು ಡ್ರೈನ್ ವಾಲ್ವನ್ನೇ, ಅಂದರೆ ಟ್ಯಾಂಕಿನ ತಳದಿಂದ ನೀರು ಖಾಲಿ ಮಾಡುವ ವಾಲ್ವನ್ನು. ಅಂಗಡಿಗೆ ಹೊರಡುವ ಮೊದಲು ಒಂದು ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ, ಒಣಬಟ್ಟೆಯಲ್ಲಿ ಎಲ್ಲ ಒರೆಸಿ, ಟಾರ್ಚ್ ಹಿಡಿದು ಸ್ವಲ್ಪ ಹೊತ್ತು ನೋಡಿ. ನೀರು ಬರುವುದು ಸಾಮಾನ್ಯವಾಗಿ ಮೂರು ಜಾಗಗಳಿಂದ: ವಾಲ್ವಿನ ಬಾಯಿಂದ, ವಾಲ್ವ್ ಮತ್ತು ನಿಪ್ಪಲ್ (ಟ್ಯಾಂಕಿನ ತೂತಿನಲ್ಲಿ ಕೂರುವ, ಥ್ರೆಡ್ ಇರುವ ತುಂಡು ಪೈಪು) ಸೇರುವ ಥ್ರೆಡ್ಡಿನಿಂದ, ಇಲ್ಲವೇ ಟ್ಯಾಂಕ್ ನಿಪ್ಪಲ್ ಟ್ಯಾಂಕಿನ ಗೋಡೆಗೆ ಕೂತಿರುವ ರಬ್ಬರ್ ವಾಷರಿನ ಸುತ್ತಿನಿಂದ. ಬಾಯಿಂದ ಬರುತ್ತಿದ್ದರೆ ವಾಲ್ವ್ ಬದಲಿಸಿದರೆ ಮುಗಿಯಿತು. ಥ್ರೆಡ್ಡಿನಿಂದಾದರೆ ಟೇಪು ಸುತ್ತಿ ನೋಡಬಹುದು. ವಾಷರಿನ ಸುತ್ತ ಒದ್ದೆಯಿದ್ದರೆ ಎಂಥ ದುಬಾರಿ ವಾಲ್ವ್ ತಂದು ಹಾಕಿದರೂ ಸೋರುವುದು ನಿಲ್ಲುವುದಿಲ್ಲ.

ನಾಲ್ಕನೆಯದೂ ಒಂದಿದೆ. ಟ್ಯಾಂಕಿನ ಗೋಡೆಯೇ ಬಿರುಕು ಬಿಟ್ಟಿರುವುದು. ಇಲ್ಲಿ ತಯಾರಾಗುವ ವ್ಯಾನ್ ಟ್ಯಾಂಕುಗಳಲ್ಲಿ ಹೆಚ್ಚಿನವು ಪಾಲಿಥಿಲೀನಿನವು. ಅದಕ್ಕೆ ಸಾಲ್ವೆಂಟ್ ಸಿಮೆಂಟ್ ಹಿಡಿಯುವುದಿಲ್ಲ, ಎಪಾಕ್ಸಿ ಪುಟ್ಟಿ ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ, ಸಿಲಿಕಾನೂ ನಿಲ್ಲುವುದಿಲ್ಲ. ಬಿಸಿಗಾಳಿಯ ಗನ್ನಿನಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಬೆಸೆಯಬೇಕು. ಕಾರಿನ ಬಂಪರ್ ಬೆಸೆಯುವವರಿಗೆ ಈ ಕೆಲಸ ಗೊತ್ತಿರುತ್ತದೆ. ಈ ಬರಹ ಅದರ ಬಗ್ಗೆ ಅಲ್ಲ. ವಾಲ್ವಾಗಲೀ ಅದರ ಜೋಡಣೆಯಾಗಲೀ ಹೋಗಿದೆ ಎಂದುಕೊಂಡು ಮುಂದುವರಿಯುತ್ತೇನೆ.

ಹದಿನಾರು ಬಾರಿನ ವಾಲ್ವ್ ಯಾಕೆ ಬೇಕಿಲ್ಲ

ಹಾರ್ಡ್‌ವೇರ್ ಅಂಗಡಿಯಲ್ಲಿ ವಾಲ್ವ್ ಕೇಳಿದರೆ ಕೈಗೆ ಕೊಡುವುದು ಭಾರದ್ದನ್ನೇ. "ಹೆವಿ ಐಟಂ ಸರ್, ಪಿಎನ್ ಹದಿನಾರು, ಲೈಫ್ ಲಾಂಗ್ ಬರುತ್ತೆ." ಪಿಎನ್ 16 ಅಂದರೆ 16 ಬಾರ್ ಒತ್ತಡ ತಡೆಯುತ್ತದೆ ಎಂದು. ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಬಾರಿನ ಹತ್ತನೇ ಒಂದು ಭಾಗದಷ್ಟು. ವ್ಯಾನಿನ ಟ್ಯಾಂಕಿನಲ್ಲಿ ನೀರು 30 ಸೆಂಟಿಮೀಟರ್ ನಿಂತರೆ ತಳದ ಒತ್ತಡ 0.03 ಬಾರ್. ಪಂಪಿನ ಒತ್ತಡ ಡ್ರೈನ್ ವಾಲ್ವಿಗೆ ಬರುವುದೇ ಇಲ್ಲ, ಏಕೆಂದರೆ ಪಂಪು ಟ್ಯಾಂಕಿನಿಂದ ನೀರೆಳೆದು ಆ ಕಡೆಯ ಪೈಪಿಗೆ ತಳ್ಳುತ್ತದೆ. ಹಾಗಾಗಿ ಒತ್ತಡ ತಡೆಯುವ ವಿಷಯದಲ್ಲಿ ಅಂಗಡಿಯ ಅತಿ ಅಗ್ಗದ ವಾಲ್ವೂ ಸಾಕು.

ಹಾಗಿದ್ದರೂ ಅವು ಮುರಿಯುತ್ತವಲ್ಲ? ಮುರಿಯುವುದು ರಸ್ತೆಯಿಂದ. ಲೇಔಟಿನ ಸ್ಪೀಡ್ ಬ್ರೇಕರಿಗೆ ತಗಲುವುದು, ಟೈರು ಎಗರಿಸಿದ ಕಲ್ಲು, ವಾಟರ್ ಸರ್ವಿಸ್‌ನ ಹುಡುಗ ಲಿವರ್ ಹಿಡಿದು ಜಗ್ಗುವುದು, ಎಲ್ಲಕ್ಕಿಂತ ಹೆಚ್ಚಾಗಿ ದಿನವಿಡೀ ನಡುಗುವುದು. ಟ್ಯಾಂಕಿನ ತಳದಿಂದ ನೇರ ಕೆಳಗೆ ನೇತಾಡುವ ವಾಲ್ವ್ ಪ್ರತಿ ಗುಂಡಿಗೂ ಅಲ್ಲಾಡುತ್ತದೆ. ಆ ಅಲ್ಲಾಟವೆಲ್ಲ ನಿಪ್ಪಲಿನ ಥ್ರೆಡ್ಡಿನ ಮೇಲೆ, ಅಲ್ಲಿಂದ ಟ್ಯಾಂಕಿನ ಗೋಡೆಯ ಮೇಲೆ. ವಾಲ್ವ್ ಭಾರವಾದಷ್ಟೂ ಪೆಟ್ಟು ಜೋರು. ಅಂಗಡಿಯವನ ಹೆವಿ ಐಟಂ ಪ್ಲಾಸ್ಟಿಕ್ ಟ್ಯಾಂಕಿಗೆ ನೇರ ತಗುಲಿಸಿದರೆ ತಾನು ಉಳಿದುಕೊಂಡು ಟ್ಯಾಂಕನ್ನು ಮುರಿಯುತ್ತದೆ. ನೂರು ರೂಪಾಯಿಯ ವಾಲ್ವ್ ಮುರಿದರೆ ಇನ್ನೊಂದು ತರಬಹುದು. ಟ್ಯಾಂಕ್ ಒಡೆದರೆ ಹಾಸಿಗೆ, ಹಲಗೆ, ನೆಲ ಎಲ್ಲ ಬಿಚ್ಚಬೇಕು.

ಆಯ್ಕೆ ಮಾಡುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಪೆಟ್ಟು ಬಿದ್ದಾಗ ಮುರಿಯುವುದು ಯಾವುದು, ಅದನ್ನು ಚಳ್ಳಕೆರೆಯಲ್ಲೋ ಸಕಲೇಶಪುರದಲ್ಲೋ ಸಂಜೆ ಏಳಕ್ಕೆ ಕೊಳ್ಳಲು ಸಿಗುತ್ತದೆಯೇ?

ಅಳತೆ: ಇಲ್ಲಿ ಎಡವುವವರೇ ಹೆಚ್ಚು

ಪೈಪ್ ಥ್ರೆಡ್ಡಿನ ಹೆಸರಿಗೂ ಸ್ಕೇಲಿಟ್ಟು ನೋಡಿದ ಅಳತೆಗೂ ಸಂಬಂಧವಿಲ್ಲ. ಗಂಡು ಥ್ರೆಡ್ಡಿನ (ಹೊರಮೈಯಲ್ಲಿ ಹಲ್ಲಿರುವುದು; ಒಳಗೆ ಹಲ್ಲಿರುವುದು ಹೆಣ್ಣು) ಹೊರ ಅಳತೆ ಸುಮಾರು 21 ಮಿ.ಮೀ. ಇದ್ದರೆ ಅದು ಅರ್ಧ ಇಂಚಿನದು, 26.4 ಇದ್ದರೆ ಮುಕ್ಕಾಲು ಇಂಚು, 16.7 ಇದ್ದರೆ 3/8 ಇಂಚು, 13.2 ಇದ್ದರೆ ಕಾಲು ಇಂಚು. 21 ಮಿ.ಮೀ. ನೋಡಿ "ಮುಕ್ಕಾಲು ಇಂಚು ಹತ್ತಿರ ಇದೆಯಲ್ಲ" ಎಂದುಕೊಂಡು ಮುಕ್ಕಾಲಿನದು ತಂದವರು ಮತ್ತೆ ಟ್ರಾಫಿಕ್ಕಿನಲ್ಲಿ ಅಂಗಡಿಗೆ ಹೋಗುತ್ತಾರೆ. ಮುರಿದ ತುಂಡನ್ನೇ ಕವರಿನಲ್ಲಿ ಹಾಕಿಕೊಂಡು ಹೋಗುವುದು ವಾಸಿ.

ಇನ್ನೊಂದು ತೊಡಕು, ನಮ್ಮ ದೇಶದಲ್ಲೂ ಯುರೋಪಿನಲ್ಲೂ ಇರುವುದು ಬಿಎಸ್‌ಪಿ ಥ್ರೆಡ್, ಅಮೆರಿಕದ್ದು ಎನ್‌ಪಿಟಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಒಂದು ಇನ್ನೊಂದರೊಳಗೆ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ. ಆದರೆ ಹಲ್ಲಿನ ಕೋನ ಬೇರೆ: ಬಿಎಸ್‌ಪಿಯದು 55 ಡಿಗ್ರಿ, ಎನ್‌ಪಿಟಿಯದು 60. ಆಮೇಲೆ ಬಿಗಿಯುತ್ತದೆ, ಬಲ ಹಾಕಿದರೆ ಪ್ಲಾಸ್ಟಿಕ್ ಹಲ್ಲು ಹೋಗುತ್ತದೆ, ಟೇಪು ಎಷ್ಟು ಸುತ್ತಿದರೂ ಕಡೆಗೆ ಹನಿ ನಿಲ್ಲುವುದಿಲ್ಲ. ಅಮೆರಿಕದ ಟ್ಯಾಂಕ್ ತರಿಸಿ ಹಾಕಿಸಿಕೊಂಡ ವ್ಯಾನಾದರೆ, ಅಥವಾ ಆನ್‌ಲೈನಿನಲ್ಲಿ ಅಲ್ಲಿನ ಡ್ರೈನ್ ಕಾಕ್ (ಪುಟ್ಟ ಡ್ರೈನ್ ವಾಲ್ವ್) ತರಿಸುವ ಮನಸ್ಸಿದ್ದರೆ, ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಇಲ್ಲಿ ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ಮಾಡಿಸಿಕೊಂಡವರಿಗೆ ಈ ಚಿಂತೆ ಕಡಿಮೆ; ಇಲ್ಲಿನ ಪ್ಲಂಬರ್ ಹಾಕಿದ್ದು ಬಿಎಸ್‌ಪಿಯೇ ಆಗಿರುತ್ತದೆ.

ವಿದೇಶಿ ಅಳತೆ ನಿಮ್ಮ ಟ್ಯಾಂಕಿನಲ್ಲಿದ್ದರೆ ನನ್ನ ಸಲಹೆ, ಈ ರಿಪೇರಿಯ ನೆಪದಲ್ಲೇ ಆ ತೂತನ್ನು ಸ್ವಲ್ಪ ದೊಡ್ಡದು ಮಾಡಿಸಿ ಇಲ್ಲಿನ ಅರ್ಧ ಅಥವಾ ಮುಕ್ಕಾಲು ಇಂಚಿನ ಟ್ಯಾಂಕ್ ನಿಪ್ಪಲ್ ಕೂರಿಸಿಬಿಡಿ. ಅಲ್ಲಿಂದ ಮುಂದೆ ದೇಶದ ಯಾವ ತಾಲ್ಲೂಕಿನ ಹಾರ್ಡ್‌ವೇರ್ ಅಂಗಡಿಯೂ ನಿಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯೇ. ಒಳಗಡೆ ಕೈ ಹಾಕುವಷ್ಟು ಮುಚ್ಚಳ ಟ್ಯಾಂಕಿಗೆ ಇದ್ದರೆ ಮಾತ್ರ ಇದು ಸುಲಭ, ನಿಪ್ಪಲಿನ ಒಂದು ಭಾಗವನ್ನು ಒಳಗಿನಿಂದ ಹಿಡಿಯಬೇಕಲ್ಲ.

ಅಳತೆ ದೊಡ್ಡದಾದರೆ ಏನು ಲಾಭ? 80 ಲೀಟರಿನ, 30 ಸೆಂಟಿಮೀಟರ್ ಎತ್ತರದ ಟ್ಯಾಂಕನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಳ ರಂಧ್ರ 20 ಮಿ.ಮೀ. ಇದ್ದರೆ ಖಾಲಿಯಾಗಲು ಸುಮಾರು 6 ನಿಮಿಷ. 15 ಮಿ.ಮೀ.ಗೆ 10 ನಿಮಿಷ. 10 ಮಿ.ಮೀ.ಗೆ ಇಪ್ಪತ್ತು ನಿಮಿಷ ದಾಟುತ್ತದೆ. ವಿದೇಶಿ ವ್ಯಾನುಗಳಲ್ಲಿ ಕಾಣುವ ಕಾಲು ಇಂಚಿನ ಪುಟ್ಟ ಕಾಕಿನ ರಂಧ್ರ 6 ಮಿ.ಮೀ. ಇದ್ದರೆ ಒಂದು ಗಂಟೆಗೂ ಮೇಲೆ. ಕೆಳಗೆ ಉದ್ದದ ಪೈಪ್ ಸೇರಿಸಿದರೆ ಈ ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ. ಅಗ್ಗದ ಅರ್ಧ ಇಂಚಿನ ಬಾಲ್ ವಾಲ್ವುಗಳಲ್ಲಿ (ಒಳಗಿನ ತೂತಿನ ಗುಂಡು ಕಾಲು ಸುತ್ತು ತಿರುಗಿ ತೆರೆಯುವಂಥವು) ಹೊರಗೆ ಅರ್ಧ ಇಂಚಿದ್ದರೂ ಒಳಗಿನ ತೂತು ಹತ್ತು ಮಿ.ಮೀ. ಮಾತ್ರ ಇರುವುದುಂಟು. ತೆರೆದು ಬೆಳಕಿಗೆ ಹಿಡಿದು ನೋಡಿ, "ಫುಲ್ ಬೋರ್ ಕೊಡಿ" ಎಂದು ಕೇಳಿ, ಅಂದರೆ ಒಳಗಿನ ತೂತು ಪೈಪಿನಷ್ಟೇ ಅಗಲ ಇರುವುದು.

ಪ್ಲಾಸ್ಟಿಕ್ಕೋ ಹಿತ್ತಾಳೆಯೋ ಸ್ಟೀಲೋ

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಉತ್ತರ ನೀವು ಟ್ಯಾಂಕಿಗೆ ತುಂಬುವ ನೀರನ್ನು ನೋಡಿಯೇ ಹೇಳಬೇಕು. ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುವ ಕಾವೇರಿ ನೀರು ಮೆದು. ಬೋರ್‌ವೆಲ್ಲಿನದು, ಟ್ಯಾಂಕರಿನವನು ತಂದು ಸುರಿಯುವುದು, ಬಹುಪಾಲು ಗಡಸು. ಕುಡಿಯುವ ನೀರಿನ ನಮ್ಮ ಮಾನದಂಡ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಸಾಕು ಎನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಮನೆಯ ನಲ್ಲಿಯ ಬಾಯಲ್ಲಿ ಬಿಳಿ ಹರಳು ಕಟ್ಟುತ್ತಿದ್ದರೆ, ಗೀಸರ್ ಕಾಯ್ಲ್ ಆಗಾಗ ಹೋಗುತ್ತಿದ್ದರೆ, ಅದೇ ಹರಳು ವ್ಯಾನಿನ ವಾಲ್ವಿನೊಳಗಿನ ಗುಂಡಿನ ಮೇಲೂ ಕಟ್ಟುತ್ತದೆ. ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟು ಆಮೇಲೆ ಲಿವರ್ ತಿರುಗಿಸಿದರೆ ಲಿವರೇ ಕೈಗೆ ಬರುವುದು ಹೀಗೆ.

ಹಿತ್ತಾಳೆಯ ಬಾಲ್ ವಾಲ್ವ್ ನೋಡಲು ಗಟ್ಟಿ, ಥ್ರೆಡ್ ಚೆನ್ನಾಗಿರುತ್ತದೆ, ಎಲ್ಲೆಂದರಲ್ಲಿ ಸಿಗುತ್ತದೆ. ನನ್ನ ತಕರಾರು ಮೂರು. ಒಂದು, ಆಗಲೇ ಹೇಳಿದ ಭಾರ. ಎರಡು, ಉಪ್ಪಿನಂಶ ಹೆಚ್ಚಿರುವ ನೀರಿನಲ್ಲಿ ಕಾಲಕ್ರಮೇಣ ಹಿತ್ತಾಳೆಯೊಳಗಿನ ಸತು ಕರಗಿ ಹೋಗಿ, ಕೆಂಪಗಿನ ಟೊಳ್ಳು ತಾಮ್ರ ಉಳಿಯುತ್ತದೆ. ಆಗ ಸಣ್ಣ ಪೆಟ್ಟಿಗೂ ಬಿರುಕು. ಮೂರು, ಯಂತ್ರದಲ್ಲಿ ಸುಲಭವಾಗಿ ಕಡೆಯಲೆಂದು ಮಾಮೂಲಿ ಹಿತ್ತಾಳೆಗೆ ಶೇಕಡ 2–3ರಷ್ಟು ಸೀಸ ಬೆರೆಸಿರುತ್ತಾರೆ. ಡ್ರೈನ್ ವಾಲ್ವಿನ ನೀರು ಬಾಯಿಗೆ ಹೋಗುವುದಿಲ್ಲ ನಿಜ, ಆದರೆ ಕುಡಿಯುವ ಟ್ಯಾಂಕಿನ ತಳದ ನೀರು ವಾರಗಟ್ಟಲೆ ಅದನ್ನೇ ಮುಟ್ಟಿಕೊಂಡಿರುತ್ತದೆ. ವ್ಯಾನಿನ ನೀರನ್ನು ಪಾತ್ರೆ ತೊಳೆಯಲು, ಸ್ನಾನಕ್ಕೆ ಮಾತ್ರ ಬಳಸುವವರು ಮೂರನೆಯ ತಕರಾರನ್ನು ಬಿಡಬಹುದು.

ಹಿತ್ತಾಳೆಯನ್ನೇ ಕೊಳ್ಳುವುದಾದರೆ ಜೇಬಿನಲ್ಲೊಂದು ಅಯಸ್ಕಾಂತ ಇರಲಿ. ಅಗ್ಗದವುಗಳಲ್ಲಿ ಒಳಗಿನ ಗುಂಡು ಕ್ರೋಮ್ ಲೇಪಿಸಿದ ಕಬ್ಬಿಣದ್ದು. ಅಯಸ್ಕಾಂತ ಗುಂಡಿಗೆ ಕಚ್ಚಿಕೊಂಡರೆ ವಾಪಸ್ ಕೊಟ್ಟುಬಿಡಿ, ಲೇಪ ಎದ್ದ ದಿನದಿಂದ ತುಕ್ಕು ಶುರು.

ಸ್ಟೇನ್‌ಲೆಸ್ ಸ್ಟೀಲಿನದು, 304 ಗ್ರೇಡಿನದು ಸಿಕ್ಕರೆ, ನೀರಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಸತುವಿನ ಕಾಟವಿಲ್ಲ, ಸೀಸವಿಲ್ಲ, ಹರಳು ಕಟ್ಟಿದರೂ ನಿಂಬೆ ಉಪ್ಪು ಕರಗಿಸಿದ ಬಿಸಿನೀರಿನಲ್ಲಿ ನೆನೆಸಿ ತೆಗೆಯಬಹುದು. ಆದರೆ 202 ಗ್ರೇಡಿನದನ್ನು 304 ಎಂದು ಮಾರುವುದು ಸಾಮಾನ್ಯ, ಅಯಸ್ಕಾಂತಕ್ಕೆ ಎರಡೂ ಸರಿಯಾಗಿ ಕಚ್ಚುವುದಿಲ್ಲವಾದ್ದರಿಂದ ಆ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಬಾಡಿಯ ಮೇಲೆ ಅಚ್ಚಾದ ಗುರುತು, ಬಿಲ್ಲಿನಲ್ಲಿ ಬರೆಸಿದ ಗ್ರೇಡ್, ಇವೆರಡೇ ಆಧಾರ. ಭಾರದ ಸಮಸ್ಯೆ ಹಿತ್ತಾಳೆಯದ್ದೇ.

ಪ್ಲಾಸ್ಟಿಕ್ಕಿನಲ್ಲಿ ಯುಪಿವಿಸಿ ಮತ್ತು ಸಿಪಿವಿಸಿ ಎಂದು ಎರಡು. ಬಿಸಿನೀರಿಗೆ ಸಿಪಿವಿಸಿ ಎನ್ನುವುದು ಎಲ್ಲರಿಗೂ ಗೊತ್ತು. ತಣ್ಣೀರಿನ ಟ್ಯಾಂಕಿಗೆ ಅದರ ಅಗತ್ಯವಿಲ್ಲ. ಗೊತ್ತಿಲ್ಲದೆ ಎಡವುವುದು ಅಳತೆಯಲ್ಲಿ. ಅರ್ಧ ಇಂಚಿನ ಯುಪಿವಿಸಿ ಪ್ಲಂಬಿಂಗ್ ಪೈಪಿನ ಹೊರ ಅಳತೆ 21.3 ಮಿ.ಮೀ., ಅರ್ಧ ಇಂಚಿನ ಸಿಪಿವಿಸಿಯದು 15.9. ಒಂದರ ವಾಲ್ವ್ ಇನ್ನೊಂದರ ಪೈಪಿಗೆ ಕೂರುವುದಿಲ್ಲ, ಅಂಟೂ ಬೇರೆ. ಥ್ರೆಡ್ ಇರುವ ವಾಲ್ವನ್ನೇ ಕೊಂಡರೆ ಈ ರಗಳೆ ಇಲ್ಲ, ಅಂಟಿನ ಕೆಲಸವೂ ಇಲ್ಲ, ಬಿಚ್ಚಿ ಹಾಕಲೂ ಬರುತ್ತದೆ. ಇನ್ನೂ ಒಳ್ಳೆಯದು ಯೂನಿಯನ್ ಬಾಲ್ ವಾಲ್ವ್: ಎರಡೂ ಬದಿಯ ಕಾಲರ್ ತಿರುಗಿಸಿದರೆ ನಡುವಿನ ಭಾಗ ಮಾತ್ರ ಕೈಗೆ ಬರುತ್ತದೆ, ಟ್ಯಾಂಕಿನ ಕಡೆಯ ಜೋಡಣೆ ಅಲ್ಲಾಡುವುದೇ ಇಲ್ಲ.

ಪ್ಲಾಸ್ಟಿಕ್ ವಾಲ್ವಿನ ಮೇಲೆ ಸಾಮಾನ್ಯವಾಗಿ ಕೇಳುವ ದೂರು "ಕಲ್ಲು ತಗುಲಿದರೆ ಒಡೆಯುತ್ತೆ" ಎನ್ನುವುದು. ಒಡೆಯುತ್ತದೆ, ಸುಳ್ಳಲ್ಲ. ನನ್ನ ಲೆಕ್ಕದಲ್ಲಿ ಅದು ದೋಷವೂ ಅಲ್ಲ. ಮನೆಯ ಫ್ಯೂಸು ಸುಟ್ಟು ವೈರಿಂಗ್ ಉಳಿಸುವ ಹಾಗೆ, ಅದು ಒಡೆದು ಟ್ಯಾಂಕನ್ನು ಉಳಿಸುತ್ತದೆ. ಬೆಲೆಯೂ ಹಿತ್ತಾಳೆಯದರ ಒಂದು ಪಾಲು. ಎರಡು ಕೊಂಡು ಒಂದನ್ನು ಟೂಲ್ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು.

ಗೇಟ್ ವಾಲ್ವ್ (ಚಕ್ರ ತಿರುಗಿಸಿದರೆ ಒಳಗಿನ ತಗಡು ಮೇಲೆ ಕೆಳಗೆ ಸರಿಯುವಂಥದು) ಬೇಡ. ತಳದ ಮರಳು, ಹರಳು ಅದರ ತೋಡಿನಲ್ಲಿ ಕೂತು ಗೇಟು ಪೂರ್ತಿ ಮುಚ್ಚುವುದಿಲ್ಲ, ತೆರೆದಿದೆಯೋ ಮುಚ್ಚಿದೆಯೋ ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಮಾಮೂಲಿ ನಲ್ಲಿಯನ್ನೇ ಹಾಕುವವರಿದ್ದಾರೆ; ವ್ಯಾನಿನ ಒಳಗೆ, ಹಿಂದಿನ ಬಾಗಿಲ ಬಳಿಯಾದರೆ ಕೈ ತೊಳೆಯಲಿಕ್ಕೂ ಆಗುತ್ತದೆ, ಪರವಾಗಿಲ್ಲ. ಅಡಿಯಲ್ಲಿ ಬೇಡ.

ಸ್ವಿಚ್ ಒತ್ತಿ ಖಾಲಿ ಮಾಡುವ ಆಸೆ

ಮಲಗಿ ಕೈ ಹಾಕುವ ತಾಪತ್ರಯ ಬೇಡ, ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಸಾಕು ಎಂದು ಅನ್ನಿಸುವುದು ಸಹಜ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದರೆ ಆರ್‌ಒ ಫಿಲ್ಟರಿನ ಸೊಲೆನಾಯ್ಡ್ ವಾಲ್ವ್ (ಕರೆಂಟ್ ಕೊಟ್ಟರೆ ತೆರೆಯುವಂಥದು) ಕಡಿಮೆ ಬೆಲೆಗೆ ಸಿಗುತ್ತದೆ, ವಾಷಿಂಗ್ ಮೆಷಿನ್ನಿನ ಇನ್ಲೆಟ್ ವಾಲ್ವೂ ಸಿಗುತ್ತದೆ. ಎರಡನ್ನೂ ತರಬೇಡಿ. ಅವುಗಳ ಒಳಗಿನ ರಬ್ಬರ್ ಪೊರೆ ಮೇಲೇಳುವುದು ನೀರಿನದೇ ಒತ್ತಡದ ಸಹಾಯದಿಂದ. ಅದಕ್ಕೆ ಬೇಕಾದ ಕನಿಷ್ಠ ಒತ್ತಡವನ್ನು ಮೇಲಿನ 0.03 ಬಾರ್ ಕೊಡಲಾರದು. ಕರೆಂಟ್ ಕೊಟ್ಟಾಗ ಟಕ್ ಎಂದು ಸದ್ದಾಗುತ್ತದೆ, ನೀರು ಮಾತ್ರ ಬರುವುದಿಲ್ಲ, ಬಂದರೂ ದಾರದಂತೆ. ವೋಲ್ಟೇಜೂ ಹೊಂದುವುದಿಲ್ಲ: ಆರ್‌ಒ ವಾಲ್ವುಗಳು ಸಾಮಾನ್ಯವಾಗಿ 24 ವೋಲ್ಟಿನವು, ವಾಷಿಂಗ್ ಮೆಷಿನ್ನಿನದು ಮನೆಯ ಕರೆಂಟಿನದು.

ಒತ್ತಡವಿಲ್ಲದೆ ತೆರೆಯುವ ಡೈರೆಕ್ಟ್ ಆಕ್ಟಿಂಗ್ ಸೊಲೆನಾಯ್ಡೂ ಇದೆ. ಅದು ತೆರೆದಿರುವಷ್ಟು ಹೊತ್ತೂ ಬ್ಯಾಟರಿ ಎಳೆಯುತ್ತದೆ, ಬಿಸಿಯಾಗುತ್ತದೆ, ರಂಧ್ರವೂ ಸಾಮಾನ್ಯವಾಗಿ ಚಿಕ್ಕದು.

ಸರಿಯಾದ ಆಯ್ಕೆ 12 ವೋಲ್ಟಿನ ಮೋಟಾರ್ ಬಾಲ್ ವಾಲ್ವ್. ಪುಟ್ಟ ಮೋಟಾರು ಗುಂಡನ್ನು ಕೆಲವೇ ಸೆಕೆಂಡಿನಲ್ಲಿ ಕಾಲು ಸುತ್ತು ತಿರುಗಿಸುತ್ತದೆ, ಆಮೇಲೆ ಕರೆಂಟ್ ಬೇಕಿಲ್ಲ, ಒತ್ತಡವೂ ಬೇಕಿಲ್ಲ. ಎರಡು ವೈರಿನದು, ಮೂರು ವೈರಿನದು, ಐದು ವೈರಿನದು ಎಂದು ಬರುತ್ತವೆ. ಐದು ವೈರಿನದರಲ್ಲಿ ತೆರೆದಿದೆಯೋ ಮುಚ್ಚಿದೆಯೋ ತೋರಿಸುವ ದೀಪಕ್ಕೆ ಸಂಪರ್ಕ ಇರುತ್ತದೆ. ಸೀಟಿನಲ್ಲಿ ಕೂತು ಸ್ವಿಚ್ ಒತ್ತುವವರಿಗೆ ಇದೇ ಬೇಕು, ಇಲ್ಲವಾದರೆ ಮುಚ್ಚದೆ ಊರೆಲ್ಲ ನೀರು ಚೆಲ್ಲಿಕೊಂಡು ಹೋಗುತ್ತೀರಿ. ಕೈಯಲ್ಲೂ ತಿರುಗಿಸಲು ಬರುವ ಗುಬುಟು ಇರುವುದನ್ನೇ ಆರಿಸಿ. ಅಡಿಯಲ್ಲಿ ಕೂರುವುದಾದರೆ ಐಪಿ 67 ಎಂದು ಇರಲಿ, ಅಂದರೆ ಧೂಳು ಹೋಗದ, ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿದರೂ ತಡೆಯುವಂಥದು; ವಾಟರ್ ಸರ್ವಿಸಿನ ಪ್ರೆಷರ್ ಗನ್ನನ್ನು ಮಾತ್ರ ಅದಕ್ಕೆ ನೇರ ಹಿಡಿಯಲು ಬಿಡಬೇಡಿ. ಬೆಲೆ ಸಾವಿರದ ಮೇಲೆಯೇ. ಬೆನ್ನುನೋವಿನವರಿಗೆ, ವ್ಯಾನ್ ಬಾಡಿಗೆಗೆ ಕೊಡುವವರಿಗೆ ಆ ದುಡ್ಡು ದಂಡವಲ್ಲ. ಉಳಿದವರಿಗೆ ಇನ್ನೊಂದು ವೈರು, ಇನ್ನೊಂದು ಫ್ಯೂಸು, ಕೆಡಬಹುದಾದ ಇನ್ನೊಂದು ವಸ್ತು.

ಚಳಿಗೆ ತಾನೇ ತೆರೆದುಕೊಳ್ಳುವ ವಾಲ್ವುಗಳ ಬಗ್ಗೆಯೂ ಕೇಳುತ್ತಾರೆ. ಯುರೋಪಿನ ಟ್ರೂಮಾ ಹೀಟರುಗಳ ಜೊತೆ ಬರುವ ಫ್ರಾಸ್ಟ್ ಕಂಟ್ರೋಲ್ ವಾಲ್ವ್ ಸುಮಾರು 3 ಡಿಗ್ರಿಗೆ ತಾನಾಗಿ ತೆರೆದು ಬಾಯ್ಲರಿನ ನೀರು ಸುರಿದುಬಿಡುತ್ತದೆ, 7 ಡಿಗ್ರಿಗಿಂತ ಮೇಲೆ ಬಂದ ಮೇಲಷ್ಟೇ ಕೈಯಲ್ಲಿ ಮುಚ್ಚಲು ಬರುತ್ತದೆ. ಬೆಂಗಳೂರಿನ ಇತಿಹಾಸದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯಲ್ಲಿ ದಾಖಲಾದ 7.8 ಡಿಗ್ರಿ. ಅಂದರೆ ಆ ವಾಲ್ವಿಗೆ ಈ ಊರಿನಲ್ಲಿ ಕೆಲಸವೇ ಇಲ್ಲ. ಲಡಾಖಿಗೆ ಹೊರಡುವವರ ಮಾತು ಬೇರೆ. ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟಿದರೆ ಮುಚ್ಚಿದ ಬಾಲ್ ವಾಲ್ವಿನ ಗುಂಡಿನೊಳಗೆ ಸಿಕ್ಕಿಕೊಂಡ ಒಂದು ಗುಟುಕು ನೀರೇ ಬಾಡಿ ಸೀಳಲು ಸಾಕು. ಟ್ಯಾಂಕ್ ಖಾಲಿ ಮಾಡಿ ಲಿವರನ್ನು ಅರ್ಧಕ್ಕೆ, 45 ಡಿಗ್ರಿಗೆ ಬಿಟ್ಟರೆ ಅದೂ ಇಳಿದುಹೋಗುತ್ತದೆ. ಮಾಮೂಲಿ ದಿನಗಳಲ್ಲಿ ಮಾತ್ರ ಅರ್ಧ ತೆರೆದು ಬಿಡಬೇಡಿ, ಒಳಗಿನ ಟೆಫ್ಲಾನ್ ಸೀಟು ಒಂದೇ ಕಡೆ ಒತ್ತಿ ವಿಕಾರವಾಗುತ್ತದೆ.

ಎಲ್ಲಿ ಕೂರಿಸಬೇಕು ಎನ್ನುವುದೇ ದೊಡ್ಡ ಆಯ್ಕೆ

ಯಾವ ಲೋಹ, ಯಾವ ಪ್ಲಾಸ್ಟಿಕ್ ಎಂದು ಚರ್ಚಿಸುವವರು ಜಾಗದ ಬಗ್ಗೆ ಯೋಚಿಸುವುದೇ ಇಲ್ಲ. ವಾಲ್ವನ್ನು ಟ್ಯಾಂಕಿಗೆ ನೇತುಹಾಕುವ ಬದಲು ನಿಪ್ಪಲಿಗೆ ಹೋಸ್ ನಿಪ್ಪಲ್ ಸೇರಿಸಿ, ಒಂದಡಿ ಎರಡಡಿ ಫುಡ್ ಗ್ರೇಡ್ ಬ್ರೇಡೆಡ್ ಹೋಸ್ ಎಳೆದು, ಅದರ ತುದಿಯಲ್ಲಿ ವಾಲ್ವ್ ಹಾಕಿ, ವಾಲ್ವನ್ನು ಚಾಸಿಯ ಅಡ್ಡಪಟ್ಟಿಗೆ ಕ್ಲಾಂಪಿನಿಂದ ಬಿಗಿಯಿರಿ. ಈಗ ನಡುಕವನ್ನೆಲ್ಲ ಹೋಸು ನುಂಗುತ್ತದೆ, ವಾಲ್ವಿನ ಭಾರ ಚಾಸಿಯ ಮೇಲೆ. ಹೀಗೆ ಕೂರಿಸಿದರೆ ಸ್ಟೀಲು ಹಿತ್ತಾಳೆಗಳ ಮೇಲಿನ ನನ್ನ ಮೊದಲ ತಕರಾರೂ ಹೋಗುತ್ತದೆ. ಸ್ಟೀಲ್ ಹಾಕುವ ಆಸೆಯಿದ್ದವರು ಹೀಗೇ ಹಾಕಲಿ. ವಾಲ್ವನ್ನು ಬಾಗಿಲ ಕಡೆಗೆ, ಕೈಗೆಟಕುವ ಜಾಗಕ್ಕೆ ತಂದುಕೊಳ್ಳಲೂ ಬರುತ್ತದೆ. ಮೋಟಾರ್ ವಾಲ್ವ್ ಬೇಕು ಎನ್ನುವವರಲ್ಲಿ ಅರ್ಧ ಜನಕ್ಕೆ ಇಷ್ಟರಿಂದಲೇ ಸಮಾಧಾನವಾದೀತು.

ಹೋಸ್ ಎಲ್ಲೂ ಮೇಲೇರಬಾರದು, ತಳದವರೆಗೆ ಇಳಿಜಾರಾಗಿರಬೇಕು. ಇಲ್ಲದಿದ್ದರೆ ಕೊನೆಯ ಎರಡು ಲೀಟರ್ ಒಳಗೇ ಉಳಿದು ನಾರುತ್ತದೆ. ಪಾರದರ್ಶಕ ಹೋಸಿಗೆ ಬೆಳಕು ಬಿದ್ದರೆ ಪಾಚಿ ಬೆಳೆಯುತ್ತದೆ, ಕಪ್ಪು ಟೇಪು ಸುತ್ತಿ. ಟ್ಯಾಂಕ್ ವ್ಯಾನಿನೊಳಗೆ ಹಾಸಿಗೆಯ ಕೆಳಗಿದ್ದರೆ ಇನ್ನೂ ಸುಲಭ: ವಾಲ್ವ್ ಒಳಗೇ ಇರಲಿ, ನೆಲದ ತೂತಿನಿಂದ ಬರಿಯ ಪೈಪು ಕೆಳಗಿಳಿಯಲಿ. ಕಲ್ಲೂ ಇಲ್ಲ, ಕೆಸರೂ ಇಲ್ಲ. ಹೊರಗಿನ ತುದಿಗೆ ಒಂದು ಮುಚ್ಚಳವೋ ಜಾಲರಿಯೋ ಹಾಕಿ, ನಿಲ್ಲಿಸಿದ ವ್ಯಾನಿನ ತೆರೆದ ಪೈಪಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಲು ವಾರ ಸಾಕು.

ಲಿವರಿನ ದಿಕ್ಕನ್ನೂ ನೋಡಿಕೊಳ್ಳಿ. ನಡುಗಿ ನಡುಗಿ ಲಿವರ್ ತನ್ನ ಭಾರಕ್ಕೆ ಕೆಳಗಿಳಿದರೆ ಅದು ಮುಚ್ಚುವ ದಿಕ್ಕಾಗಿರಬೇಕು. ಉದ್ದ ಲಿವರಿಗಿಂತ ಚಿಟ್ಟೆಯಾಕಾರದ ಹಿಡಿ ಇರುವುದು ಒಳ್ಳೆಯದು, ಪೊದೆ ಕಡ್ಡಿಗಳಿಗೆ ಸಿಕ್ಕಿಕೊಳ್ಳುವುದಿಲ್ಲ.

ಈ ಊರಿಗೆ ಸಂಬಂಧಪಟ್ಟ ಇನ್ನೊಂದು ಮಾತು. 2024ರ ಬೇಸಿಗೆಯ ನೀರಿನ ಬರದಲ್ಲಿ, ಮಾರ್ಚ್ ತಿಂಗಳಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು, ಆದರೂ 80 ಲೀಟರ್ ನೀರನ್ನು ರಸ್ತೆಗೆ ಬಿಟ್ಟರೆ ಅಕ್ಕಪಕ್ಕದವರು ಸುಮ್ಮನಿರುವುದಿಲ್ಲ. ಹಾಗಾಗಿ ಹೊರ ತುದಿಯಲ್ಲಿ ಗಾರ್ಡನ್ ಪೈಪ್ ಸಿಗಿಸುವ ಹೋಸ್ ನಿಪ್ಪಲ್ ಇರುವಂತೆ ನೋಡಿಕೊಳ್ಳಿ. ಬಕೆಟ್ಟಿಗೆ ಹಿಡಿದು ಗಿಡಕ್ಕೋ ಬಚ್ಚಲಿಗೋ ಬಳಸಬಹುದು. ತಳಕ್ಕೆ ಬರಿಯ ಪ್ಲಗ್ ಹಾಕಿಸಿಕೊಂಡವರಿಗೆ ಈ ಅನುಕೂಲವಿಲ್ಲ. ಪ್ಲಗ್ ಬಿಚ್ಚಿದ ತಕ್ಷಣ ನೀರು ಮೊಣಕೈವರೆಗೆ ಇಳಿಯುತ್ತದೆ, ನಿಲ್ಲಿಸಲೂ ಆಗುವುದಿಲ್ಲ. ಹಾಗಂತ ಪ್ಲಗ್ ದಂಡವೇನಲ್ಲ. ವಾಲ್ವ್ ದಾರಿಯಲ್ಲಿ ಮುರಿದರೆ ಅದೇ ಜಾಗಕ್ಕೆ ತಿರುಗಿಸಿ ಊರು ಸೇರಲು ಅರ್ಧ ಇಂಚಿನ ಒಂದು ಡಮ್ಮಿ ಪ್ಲಗ್ ಗ್ಲೋವ್ ಬಾಕ್ಸಿನಲ್ಲಿ ಇರಲೇಬೇಕು.

ಎಲ್ಲಿ ಕೊಳ್ಳುವುದು, ಹೇಗೆ ಕೇಳುವುದು

ಪೈಪು, ವಾಲ್ವ್, ನಿಪ್ಪಲಿಗೆ ಎಸ್.ಜೆ.ಪಿ. ರೋಡು. ಮೋಟಾರ್ ವಾಲ್ವ್, ಸ್ವಿಚ್, ವೈರಿಗೆ ಅದರ ಪಕ್ಕದ ಎಸ್.ಪಿ. ರೋಡು. ಕ್ಲಾಂಪು, ಬ್ರಾಕೆಟ್ಟಿಗೆ ಜೆ.ಸಿ. ರೋಡಿನ ಆಟೋ ಸ್ಪೇರ್ಸ್ ಅಂಗಡಿಗಳು. ಭಾನುವಾರ ಹೋಗಿ ಮುಚ್ಚಿದ ಷಟರ್ ನೋಡಿ ಬರಬೇಡಿ. ವ್ಯಾನ್ ತೆಗೆದುಕೊಂಡು ಹೋಗುವುದಂತೂ ಬೇಡವೇ ಬೇಡ, ಮೆಟ್ರೋದಲ್ಲಿ ಇಳಿದು ನಡೆಯಿರಿ.

"ಕ್ಯಾಂಪರ್ ವ್ಯಾನಿನ ಡ್ರೈನ್ ವಾಲ್ವ್" ಎಂದರೆ ಅಂಗಡಿಯವರು ಕಣ್ಣು ಕಣ್ಣು ಬಿಡುತ್ತಾರೆ. "ಅಣ್ಣಾ, ಅರ್ಧ ಇಂಚು ಟ್ಯಾಂಕ್ ನಿಪ್ಪಲ್ ಒಂದು, ಥ್ರೆಡ್ ಇರೋ ಯುಪಿವಿಸಿ ಬಾಲ್ ವಾಲ್ವ್ ಫುಲ್ ಬೋರ್ ಎರಡು, ಹೋಸ್ ನಿಪ್ಪಲ್ ಎರಡು, ಎಸ್‌ಎಸ್ ಕ್ಲಿಪ್ ನಾಲ್ಕು, ಅರ್ಧ ಇಂಚು ಡಮ್ಮಿ ಎರಡು" ಎಂದರೆ ಐದು ನಿಮಿಷದಲ್ಲಿ ಕವರ್ ಕೈಗೆ ಬರುತ್ತದೆ. ನಿಪ್ಪಲಿನ ಜೊತೆ ಬರುವ ರಬ್ಬರ್ ವಾಷರ್ ಗಡುಸಾಗಿದ್ದರೆ, ವಾಸನೆ ಹೊಡೆಯುತ್ತಿದ್ದರೆ, ಇಪಿಡಿಎಂ ಎಂಬ ರಬ್ಬರಿನ ಅಥವಾ ಸಿಲಿಕಾನ್ ವಾಷರ್ ಬೇರೆ ಕೇಳಿ ತೆಗೆದುಕೊಳ್ಳಿ. ಇಡೀ ಕೆಲಸದಲ್ಲಿ ಅತಿ ಅಗ್ಗದ್ದೂ ಅತಿ ಮುಖ್ಯವಾದದ್ದೂ ಅದೇ.

ಯಾರಿಗೆ ಯಾವುದು

ಕರ್ನಾಟಕ, ಕೇರಳ, ಗೋವಾ ಸುತ್ತುವ, ಇಲ್ಲೇ ಕಟ್ಟಿಸಿದ ವ್ಯಾನಿಗೆ: ಅರ್ಧ ಇಂಚಿನ ಯುಪಿವಿಸಿ, ಸಾಧ್ಯವಾದರೆ ಯೂನಿಯನ್ ವಾಲ್ವ್, ಹೋಸಿನ ತುದಿಯಲ್ಲಿ. ನೀರು ಕಾವೇರಿಯದ್ದೋ ಬೋರಿನದ್ದೋ, ಎರಡಕ್ಕೂ ಸರಿ. ಟ್ಯಾಂಕ್ ನೂರು ಲೀಟರಿಗಿಂತ ದೊಡ್ಡದಿದ್ದರೆ ಮುಕ್ಕಾಲು ಇಂಚಿಗೆ ಹೋಗಿ.

ಸ್ಟೀಲ್ ಟ್ಯಾಂಕ್ ಇರುವವರಿಗೆ 304 ಸ್ಟೀಲ್ ವಾಲ್ವ್. ಟ್ಯಾಂಕಿಗೇ ಬೆಸೆದ ಸ್ಟೀಲ್ ಸಾಕೆಟ್ ಇರುವುದರಿಂದ ಥ್ರೆಡ್ ಕೀಳುವ ಭಯ ಕಡಿಮೆ, ಆದರೂ ಹೋಸ್ ಇದ್ದರೆ ಒಳ್ಳೆಯದು.

ಬಾಡಿಗೆಗೆ ಬಿಡುವ ವ್ಯಾನಿಗೆ ವಾಲ್ವ್ ಒಳಗಡೆ ಇರಬೇಕು, ಇಲ್ಲವೇ ಮೋಟಾರಿನದು. ಬಾಡಿಗೆಗೆ ತೆಗೆದುಕೊಂಡವರು ಅಡಿಯಲ್ಲಿ ಮಲಗಿ ವಾಲ್ವ್ ಮುಚ್ಚುತ್ತಾರೆ ಎಂದು ನಂಬಬೇಡಿ.

ಆಮದಾದ ವ್ಯಾನಿನವರು ಕಂಪನಿಯ ಮೂಲ ಪಾರ್ಟನ್ನೇ ತರಿಸಬೇಕೇ? ವಾರಂಟಿ ಇನ್ನೂ ಇದ್ದರೆ, ಅಥವಾ ಟ್ಯಾಂಕಿನ ಬಾಯಿಯೇ ವಿಚಿತ್ರ ಆಕಾರದ್ದಾಗಿ ಬೇರೇನೂ ಕೂರದಿದ್ದರೆ ತರಿಸಿ, ತರಿಸುವಾಗ ಎರಡು ತರಿಸಿ. ಇಲ್ಲವಾದರೆ ಕೊರಿಯರ್, ಕಸ್ಟಮ್ಸ್ ಎಂದು ವಾರಗಟ್ಟಲೆ ಕಾದು ಬರುವುದು ಅದೇ ಪುಟ್ಟ ಪ್ಲಾಸ್ಟಿಕ್ ಕಾಕು.

ಹಾಕುವಾಗ

ಪ್ಲಾಸ್ಟಿಕ್ಕಿನ ಹೆಣ್ಣು ಥ್ರೆಡ್ಡಿಗೆ ಲೋಹದ ಗಂಡು ಥ್ರೆಡ್ ಬಿಗಿಯಬೇಡಿ. ಚೂಪಾಗುತ್ತ ಹೋಗುವ ಲೋಹ ಬೆಣೆಯಂತೆ ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಅನಿವಾರ್ಯವಾದರೆ ಒಳಗೆ ಹಿತ್ತಾಳೆ ಕೂರಿಸಿದ ಬ್ರಾಸ್ ಎಫ್‌ಟಿಎ ಬಳಸಿ. ಪ್ಲಾಸ್ಟಿಕ್ ಗಂಡು, ಲೋಹದ ಹೆಣ್ಣು ಆದರೆ ತೊಂದರೆಯಿಲ್ಲ. ಟೆಫ್ಲಾನ್ ಟೇಪು ಥ್ರೆಡ್ ಬಿಗಿಯುವ ದಿಕ್ಕಿನಲ್ಲೇ ಐದಾರು ಸುತ್ತು. ಟ್ಯಾಂಕ್ ನಿಪ್ಪಲಿನ ನಟ್ಟನ್ನು ಕೈಯಲ್ಲಿ ಬಿಗಿದು ಮೇಲೆ ಪಾನಾದಲ್ಲಿ ಕಾಲು ಸುತ್ತು, ಅಷ್ಟೇ. ವಾಷರ್ ಉಬ್ಬಿ ಹೊರಗೆ ಬಂದರೆ ಜಾಸ್ತಿಯಾಯಿತು. ವಾಷರ್ ಕೂರುವ ಜಾಗದಲ್ಲಿ ಟ್ಯಾಂಕಿನ ಮೇಲ್ಮೈ ತರಿತರಿಯಾಗಿದ್ದರೆ ಸಣ್ಣ ಎಮರಿ ಕಾಗದದಿಂದ ಉಜ್ಜಿ ಸಮ ಮಾಡಿ.

ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಒಮ್ಮೆ ಶುದ್ಧ ಮಾಡಿ. 80 ಲೀಟರಿಗೆ ಶೇಕಡ 4ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಪರಿಮಳ ಬೆರೆಸದ್ದು, 100 ಮಿಲಿಲೀಟರ್ ಹಾಕಿದರೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ನಾಲ್ಕು ಗಂಟೆ ಬಿಟ್ಟು ಹೊಸ ವಾಲ್ವಿನಿಂದಲೇ ಹೊರಬಿಡಿ, ವಾಲ್ವೂ ತೊಳೆದಂತಾಗುತ್ತದೆ. ಈ ನೀರು ಗಿಡಕ್ಕೆ ಬೇಡ, ಬಚ್ಚಲಿಗೆ ಹೋಗಲಿ. ಆಮೇಲೆ ವಾಸನೆ ಹೋಗುವವರೆಗೆ ಒಂದೆರಡು ಸಲ ತುಂಬಿ ಬಿಟ್ಟರೆ ಆಯಿತು.

ಸೋರಿಕೆಯ ಪರೀಕ್ಷೆಯನ್ನು ನಿಂತ ವ್ಯಾನಿನಲ್ಲಿ ಮಾಡಿ ಮುಗಿಸಬೇಡಿ. ಟ್ಯಾಂಕ್ ಪೂರ್ತಿ ತುಂಬಿ, ಹಂಪುಗಳು ಸಾಲಾಗಿರುವ ಯಾವುದಾದರೂ ಲೇಔಟಿನಲ್ಲಿ ಒಂದು ಸುತ್ತು ಹೊಡೆದು, ಮೂರು ಜೋಡಣೆಗಳಿಗೂ ಟಿಶ್ಯೂ ಕಾಗದ ಸುತ್ತಿ ರಾತ್ರಿ ಬಿಡಿ. ಬೆಳಿಗ್ಗೆ ಯಾವ ಕಾಗದ ಒದ್ದೆಯೋ ಆ ಜೋಡಣೆಯನ್ನು ಮಾತ್ರ ಬಿಚ್ಚಿ ಹೊಸ ಟೇಪಿನಲ್ಲಿ ಮತ್ತೆ ಕೂರಿಸಿ, ಬಿಗಿ ಸಾಲದೆಂದು ಇನ್ನಷ್ಟು ತಿರುಗಿಸಲು ಹೋಗಬೇಡಿ. ಆಮೇಲೆ ವ್ಯಾನ್ ಓಡಲಿ ನಿಲ್ಲಲಿ, ತಿಂಗಳಿಗೊಮ್ಮೆ ಲಿವರನ್ನು ಎರಡು ಮೂರು ಸಲ ತೆರೆದು ಮುಚ್ಚಿ. ಬೋರ್ ನೀರು ತುಂಬುವವರು ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡಲಿ.